ಕೊಟ್ರೇಶನ ಹೆಸರಿಗೊಂದು ಒಡಪು

ಕೊಟ್ಟೂರು ಬಸ್‌ಸ್ಟ್ಯಾಂಡಿನಲ್ಲಿ ನಿಂತು "ಏ ಕೊಟ್ರೇಶಾ" ಅಂತ ಒಂದು ಸಲ ಕೂಗಿ ನೋಡ್ರಿ. ಮಂಡಕ್ಕಿ ಕಲಸುತ್ತಿದ್ದವನು ಕೈ ನಿಲ್ಲಿಸುತ್ತಾನೆ. ಆಟೋದೊಳಗೆ ಕಾಲು ಚಾಚಿ ಮಲಗಿದ್ದವನು ಎದ್ದು ಕೂರುತ್ತಾನೆ. ಮಿರ್ಚಿ ಬಾಯಿಗಿಟ್ಟುಕೊಂಡಿದ್ದ ಹೈಸ್ಕೂಲು ಮೇಷ್ಟ್ರು, ಶಿಷ್ಯರು ಯಾರಾದರೂ ನೋಡಿಬಿಟ್ಟರೇನೋ ಅಂತ ಗಾಬರಿಯಿಂದ ತಿರುಗುತ್ತಾರೆ. ನಮ್ಮ ಕಡೆ ಕೊಟ್ಟೂರು ಸ್ವಾಮಿಗೆ ಹರಕೆ ಹೊತ್ತು ಹುಟ್ಟಿದ ಕೂಸಿಗೆ ಬೇರೆ ಹೆಸರು ಹುಡುಕುವ ತ್ರಾಸು ಯಾರೂ ತೆಗೆದುಕೊಳ್ಳುವುದಿಲ್ಲ. ಕೊಟ್ರೇಶ, ಇಲ್ಲದಿದ್ದರೆ ಕೊಟ್ರಪ್ಪ, ಹೆಣ್ಣಾದರೆ ಕೊಟ್ರಮ್ಮ. ಮುಗೀತು.

ನಾನು ಹುಲಿಗೆಮ್ಮ, ಇದೇ ಸೀಮೆಯ ಲೇಡಿ ಕಂಡಕ್ಟರು. ಕೂಡ್ಲಿಗಿಯಲ್ಲಿ ಬಸ್ಸು ಹತ್ತಿದರೆ ಕೊಟ್ಟೂರು, ಹಗರಿಬೊಮ್ಮನಹಳ್ಳಿ ಮೇಲೆ ಹಡಗಲಿ ತನಕ. ತಿರುಗಿ ಬರುವಾಗ ಒಮ್ಮೊಮ್ಮೆ ಹರಪನಹಳ್ಳಿ ಮೇಲೆ. ಹೆಸರಿನಲ್ಲಿ ಹುಲಿ ಇದೆ ಅಂತ ಹೊಸ ಪ್ರಯಾಣಿಕರು ಮೊದಲಿಗೆ ಸ್ವಲ್ಪ ಹೆದರುತ್ತಾರೆ, ಆಮೇಲೆ ಚಿಲ್ಲರೆ ಕೇಳಿ ನಾನೇ ಅವರಿಗೆ ಹೆದರುತ್ತೇನೆ. ನನ್ನ ಜೊತೆಗಿರುವ ಡ್ರೈವರಣ್ಣನ ಹೆಸರೂ ಕೊಟ್ರಪ್ಪ. ಆ ಹೆಸರು ಕಿವಿಗೆ ಬೀಳದೆ ನನಗೆ ಒಂದು ದಿನವೂ ಹೊತ್ತು ಮುಳುಗಿದ್ದಿಲ್ಲ.

ಇದನ್ನು ಯಾಕೆ ಹೇಳುತ್ತಿದ್ದೇನೆ ಅಂದರೆ, ಒಂದು ಕಾಲಕ್ಕೆ ನಾನು ಮದುವೆಯಾಗಬೇಕಿದ್ದವನ ಹೆಸರೂ ಕೊಟ್ರೇಶ. ಮದುವೆ ಆಗಲಿಲ್ಲ. ಬೇರೆ ಊರಿನ ಹುಡುಗಿಯರು ಮನಸ್ಸು ಮುರಿದರೆ ಆ ಹೆಸರನ್ನು ಮತ್ತೆ ಕೇಳದೆ ಬದುಕಬಹುದು. ನನ್ನ ಹಣೆಬರಹ ನೋಡ್ರಿ, ಆ ಹೆಸರಿನವರಿಗೆ ದಿನಾ ಟಿಕೆಟು ಹರಿದು, "ಒಳಗ ನಡೀರಿ, ಬಾಗಲದಾಗ ನಿಂದ್ರಬ್ಯಾಡ್ರಿ" ಅಂತ ಬೇರೆ ಹೇಳಬೇಕು.

ಹೆಸರಿನ ವಿಷಯದಲ್ಲಿ ನಮ್ಮ ಮನೆಯ ಕಥೆಯೇ ಒಂದು ತರ. ನಮ್ಮಪ್ಪನ ಹೆಸರು ಬಸಪ್ಪ. ಗಂಡನ ಹೆಸರು ಬಾಯಲ್ಲಿ ಬರಬಾರದು ಅಂತ ಅವ್ವ 'ಬಸ್ಸು' ಅನ್ನುವ ಮಾತನ್ನೇ ಬಿಟ್ಟವಳು. ಅವಳಿಗೆ ಅದು ಯಾವತ್ತೂ 'ಗಾಡಿ'. ದವಾಖಾನೆಯಲ್ಲಿ ಚೀಟಿ ಬರೆಯುವವರು "ಯಜಮಾನರ ಹೆಸರೇನಮ್ಮಾ" ಅಂದರೆ ನನ್ನ ಪಕ್ಕೆಗೆ ಮೊಣಕೈಯಿಂದ ತಿವಿಯುತ್ತಿದ್ದಳು. ನಾನು ಎದೆ ಉಬ್ಬಿಸಿ "ಬಸಪ್ಪಾ" ಅಂತ ಸಾಲಿನಲ್ಲಿ ನಿಂತವರಿಗೆಲ್ಲ ಕೇಳುವ ಹಾಗೆ ಒದರುತ್ತಿದ್ದೆ. ಮುಂದೆ ನನಗೆ ಈ ನೌಕರಿ ಸಿಕ್ಕಾಗ ಅವ್ವನಿಗೆ ಹೊಸ ಫಜೀತಿ ಶುರುವಾಯಿತು. "ಮಗಳು ಏನು ಮಾಡ್ತಾಳ" ಅಂದವರಿಗೆ "ದೊಡ್ಡ ಗಾಡ್ಯಾಗ ಟಿಕೀಟು ಕೊಡ್ತಾಳ" ಅನ್ನುತ್ತಿದ್ದಳು. ಹಿರೇಹಡಗಲಿಯ ನಮ್ಮ ದೂರದ ನೆಂಟರು ಬಹಳ ದಿನ ನಾನು ಸರ್ಕಸ್ ಕಂಪನಿ ಸೇರಿದ್ದೇನೆ ಅಂತಲೇ ತಿಳಿದುಕೊಂಡಿದ್ದರು.

ಇಂಥ ಅವ್ವನ ಬಾಯಲ್ಲೂ ಅಪ್ಪನ ಹೆಸರು ಬರುತ್ತಿತ್ತು, ಒಡಪಿನಲ್ಲಿ ಮಾತ್ರ. ಒಡಪು ಅಂದರೆ ನಿಮಗೆ ಗೊತ್ತಿರುತ್ತದೆ. ಸುಮ್ಮನೆ ಹೇಳಬಾರದ ಗಂಡನ ಹೆಸರನ್ನು ಎರಡು ನಾಲ್ಕು ಸಾಲು ಪದ್ಯ ಕಟ್ಟಿ, ಕೊನೆಗೆ ನಾಚಿಕೊಂಡು ಹೇಳಿಬಿಡುವುದು. ಮದುವೆಯಾಗಿ ಬಂದ ಹುಡುಗಿಯನ್ನು ನಾದಿನಿಯರು ಬಾಗಿಲಿಗೆ ಅಡ್ಡ ನಿಂತು ತಡೆಯುತ್ತಾರೆ. "ಹೆಸರು ಹೇಳು, ಒಳಗ ಬಾ." ಹೇಳಲು ಬಂದವಳು ರಾಣಿಯ ಹಾಗೆ ಒಳಗೆ ಹೋಗುತ್ತಾಳೆ. ಬಾರದವಳು ಹೊಸ್ತಿಲಾಚೆ ನಿಂತು ಬೆವರುತ್ತಾಳೆ.

ನಾನು ಚಿಕ್ಕವಳಿದ್ದಾಗ ಅಂಥ ಬಾಗಿಲುಗಳ ಪಕ್ಕದಲ್ಲೇ ಬೆಳೆದವಳು. ಊಟಕ್ಕೆ ಎಲೆ ಹಾಕಿದರೂ ಹೋಗುತ್ತಿರಲಿಲ್ಲ. ಕೇಳಿದ್ದೆಲ್ಲ ಬಾಯಿಪಾಠ. ಆಮೇಲೆ ಸ್ವಂತಕ್ಕೇ ಕಟ್ಟುವ ಹುಚ್ಚು ಹಿಡಿಯಿತು. ನಮ್ಮ ಚಿಗವ್ವನ ಗಂಡ ಹನುಮಂತಪ್ಪ ಕಾಕನಿಗೆ ಹೆಂಡತಿಗಿಂತ ಎಮ್ಮೆಯ ಮೇಲೆ ಜೀವ ಜಾಸ್ತಿ. ಸೀಮಂತದ ದಿನ ಚಿಗವ್ವ ಒಡಪು ತೋಚದೆ ಕಣ್ಣು ಕಣ್ಣು ಬಿಡುತ್ತಿದ್ದಾಗ ನಾನು ಹಿಂದಿನಿಂದ ಕಿವಿಯಲ್ಲಿ ಊದಿದೆ:

"ಹಡಗಲಿಯಿಂದ ಮಲ್ಲಿಗಿ ತಂದಾರ, ಎಮ್ಮಿ ಕೊರಳಿಗೆ ಕಟ್ಟ್ಯಾರ,
ನಂಗೇನು ತಂದ್ರಿ ಅಂದಿದ್ದಕ್ಕ ನಕ್ಕಾರ ನಮ್ಮ ಹನುಮಂತಪ್ಪನವ್ರ."

ಚಿಗವ್ವ ಅರ್ಥವನ್ನೂ ನೋಡದೆ ಹೇಳಿಬಿಟ್ಟಳು. ನೆರೆದವರು ಹೊಟ್ಟೆ ಹಿಡಿದುಕೊಂಡು ನಕ್ಕರು. ಕಾಕ ಎರಡು ದಿನ ನನ್ನ ಜೊತೆ ಮಾತಾಡಲಿಲ್ಲ, ಮೂರನೇ ದಿನ ಮಾತ್ರ ಚಿಗವ್ವನಿಗೆ ಮಲ್ಲಿಗೆ ತಂದ. ಪದ್ಯಕ್ಕೆ ಶಕ್ತಿ ಇದೆ ಅಂತ ನನಗೆ ಯಾವ ಪುಸ್ತಕವೂ ಕಲಿಸಬೇಕಾಗಲಿಲ್ಲ.

ಇಷ್ಟೆಲ್ಲ ಇದ್ದವಳು ನನ್ನ ಸ್ವಂತ ಮದುವೆಗೆ ಕೈ ಕಟ್ಟಿ ಕೂರುತ್ತೇನೆಯೇ? ನಿಶ್ಚಯವಾದ ವಾರದಲ್ಲೇ ಒಡಪು ತಯಾರು. ಹುಡುಗ ಕೊಟ್ಟೂರಿನವನು, ಸುಟ್ಟುಹೋದ ಬೋರ್‌ವೆಲ್ ಮೋಟರ್‌ಗಳಿಗೆ ತಂತಿ ಸುತ್ತುವ ಅಂಗಡಿಯಲ್ಲಿ ಕೆಲಸ. ಸ್ವಂತ ಅಂಗಡಿ ಹಾಕಬೇಕು ಅಂತ ಆಸೆ. ದಿನಾ ಫೋನು. ಅವನ ದನಿ ಕೇಳದಿದ್ದರೆ ನನಗೆ ತುತ್ತು ಇಳಿಯುತ್ತಿರಲಿಲ್ಲ, ಸುಳ್ಳು ಯಾಕೆ ಹೇಳಲಿ. "ನನ್ನ ಹೆಸರಿಗೆ ಒಡಪು ಕಟ್ಟೀಯಂತಲ್ಲ, ಹೇಳು ನೋಡೋಣ" ಅನ್ನುತ್ತಿದ್ದ. "ಮದುವಿ ದಿನಾನ ಕೇಳ್ರಿ, ಮುಂಚೆ ಹೇಳಿದ್ರ ರುಚಿ ಹೋಗ್ತೈತಿ" ಅನ್ನುತ್ತಿದ್ದೆ. ನಾನು ಕಟ್ಟಿಟ್ಟುಕೊಂಡಿದ್ದು ಇದು:

"ಕೊಟ್ಟೂರು ಸಂತ್ಯಾಗ ಹೆಸರು ಕೂಗಿದ್ರ ನೂರು ಮಂದಿ ತಿರುಗ್ಯಾರ,
ನಾ ಕರಿಯಾಂಗಿಲ್ಲಂತ ಗೊತ್ತಿದ್ದು ಒಬ್ರು ಸುಮ್ನ ನಿಂತಾರ,
ಅವ್ರ ನಮ್ಮ ಕೊಟ್ರೇಶಪ್ಪನವ್ರ."

ಎಷ್ಟು ಚಂದ ಐತಿ ಅಂತ ನನ್ನ ಬೆನ್ನು ನಾನೇ ತಟ್ಟಿಕೊಂಡಿದ್ದೆ. ಗಂಡನ ಹೆಸರು ಹಿಡಿದು ಹೆಂಡತಿ ಕರೆಯುವುದಿಲ್ಲ, ಆದ್ದರಿಂದ ತಿರುಗದೆ ನಿಂತವನೇ ಅವಳ ಗಂಡ. ನಮ್ಮ ಸೀಮೆಯಲ್ಲಿ ಇದಕ್ಕಿಂತ ಜಾಣ ಒಡಪು ಹುಟ್ಟಿಲ್ಲ ಅನ್ನುವ ಗರ್ವ ಬೇರೆ.

ಲಗ್ನಪತ್ರಿಕೆ ಅಚ್ಚಿಗೆ ಕೊಡಬೇಕು ಅನ್ನುವಾಗ ಒಂದು ಮಧ್ಯಾಹ್ನ ಅವನೇ ಫೋನ್ ಮಾಡಿದ. ಅವನ ಅವ್ವ ಹಂಪಸಾಗರದ ತನ್ನ ಅಣ್ಣನಿಗೆ ಹಿಂದೆಯೇ ಮಾತು ಕೊಟ್ಟಿದ್ದಳಂತೆ. ಈಗ ಅಣ್ಣ ಹಠ ಹಿಡಿದಿದ್ದಾನೆ, ಅವ್ವ ಊಟ ಬಿಟ್ಟಿದ್ದಾಳೆ, ಮಾವನ ಮಗಳನ್ನೇ ಆಗಬೇಕಂತೆ. "ನಾ ಏನು ಮಾಡ್ಲಿ ಹೇಳು" ಅಂದ. "ಏನೂ ಮಾಡಬ್ಯಾಡ್ರಿ" ಅಂದೆ. ಮದುವೆ ಮುರಿದರೂ ನನ್ನ ಬಾಯಿಂದ 'ರಿ' ಹೋಗಲಿಲ್ಲ ನೋಡ್ರಿ. ಅದೇ ನನಗೆ ಬಹಳ ದಿನ ಸಿಟ್ಟು.

ಆಮೇಲೆ ನಾನು ಕವಿಯಾದೆ. ಅಂದರೆ ಎಲ್ಲರೂ ಆಗುವ ತರದ ಕವಿ. ಚಂದ್ರ ಬಂದ, ದೋಣಿ ಬಂತು, ಒಡೆದ ಕನ್ನಡಿ ಬಂತು. ನಮ್ಮ ಕೂಡ್ಲಿಗಿಯಲ್ಲಿ ದೋಣಿ ಎಲ್ಲಿಂದ ಬರಬೇಕು? ಆದರೂ ನನ್ನ ಪದ್ಯಗಳಲ್ಲಿ ದಿನಕ್ಕೊಂದು ದೋಣಿ ಮುಳುಗುತ್ತಿತ್ತು. ಫೋನಿನ ಸ್ಟೇಟಸ್ಸಿಗೆ ಹಾಕುತ್ತಿದ್ದೆ, ಅವನು ನೋಡಲಿ ಅಂತ. ಅವನು ನೋಡಿದನೋ ಇಲ್ಲವೋ, ನಮ್ಮ ಡಿಪೋದವರೆಲ್ಲ ನೋಡಿ "ಮೇಡಮ್ಮಾರ ಆರೋಗ್ಯ ಹೆಂಗೈತಿ" ಅಂತ ಕೇಳತೊಡಗಿದರು. ಹಗರಿಬೊಮ್ಮನಹಳ್ಳಿಯಲ್ಲಿ ಒಂದು ಕವಿಗೋಷ್ಠಿಗೂ ಹೋಗಿ ಓದಿದೆ. ಇಳಿದು ಬಂದಾಗ ಮುಂದಿನ ಸಾಲಿನ ಮುದುಕರೊಬ್ಬರು ಕೈ ಹಿಡಿದು, ಬಹಳ ಮರುಕದಿಂದ, "ಚಂದ ಐತವಾ. ಯಾರು ತೀರ್ಕೊಂಡ್ರು?" ಅಂದರು. ಅವತ್ತೇ ಆ ದೋಣಿಗಳನ್ನೆಲ್ಲ ದಡ ಹತ್ತಿಸಿದೆ.

ದುಃಖ ಮಾತ್ರ ಎಲ್ಲಿಗೂ ಹೋಗಿರಲಿಲ್ಲ. ಟಿಕೆಟ್ ಹರಿದುಕೊಂಡು, ಸೀಟಿ ಊದಿಕೊಂಡು, ಅದನ್ನೂ ಚೀಲದ ಜೊತೆ ಹೆಗಲಿಗೆ ಹಾಕಿಕೊಂಡು ಓಡಾಡುತ್ತಿದ್ದೆ.

ಹೀಗಿರುವಾಗ ಒಂದು ದಿನ ಹಡಗಲಿಯಿಂದ ತಿರುಗಿ ಬರುವಾಗ, ಹಗರಿಬೊಮ್ಮನಹಳ್ಳಿ ದಾಟಿದ ಮೇಲೆ ದಾರಿಯಲ್ಲಿ ಮದುವೆ ಟೆಂಪೋ ಒಂದು ಕೆಟ್ಟು ನಿಂತಿತ್ತು. ದಿಬ್ಬಣವೆಲ್ಲ ನಮ್ಮ ಬಸ್ಸಿಗೇ ಹತ್ತಿತು. ಮದುಮಗಳು ಕಿಟಕಿ ಪಕ್ಕ ಕೂತು ಬಿಕ್ಕುತ್ತಿದ್ದಳು. ತೌರು ಬಿಟ್ಟ ದುಃಖ ಅಂದುಕೊಂಡು ತಲೆ ಸವರಿದೆ. "ಅದಲ್ರಿ ಯಕ್ಕಾ" ಅಂದಳು, "ಒಡಪು ಫೋನಿನ್ಯಾಗ ಬರದಿಟ್ಟಿದ್ದೆ, ಚಾರ್ಜ್ ಹೋಗೇತಿ. ಬಾಗಲದಾಗ ಎಲ್ರೂ ನಗ್ತಾರ." ನನಗೆ ನಗುವೂ ಬಂತು, ಕರುಣೆಯೂ ಬಂತು. "ಗಂಡ ಏನು ಮಾಡ್ತಾನ? ಅವನ್ನ ಕಂಡ್ರ ನಿನಗ ಯಾಕ ಚಂದ ಅನಿಸ್ತೈತಿ?" ಅಂತ ಕೇಳಿದೆ. ಅವಳು ಮೂಗು ಒರೆಸಿಕೊಂಡು ಹೇಳಿದಳು. ಕೊಟ್ಟೂರು ಬರುವಷ್ಟರಲ್ಲಿ ಒಡಪು ಕಟ್ಟಿ ಬಾಯಿಪಾಠ ಮಾಡಿಸಿದೆ. ಅವಳು ನಗುತ್ತಾ ಇಳಿದು ಹೋದ ಮೇಲೆ ಗೊತ್ತಾಯಿತು, ಅಷ್ಟು ಹೊತ್ತು ನನ್ನ ಸಂಕಟ ನನಗೆ ನೆನಪೇ ಆಗಿರಲಿಲ್ಲ.

ಅಲ್ಲಿಂದ ಸುದ್ದಿ ಹಬ್ಬಿತು. ಹೆಣ್ಣುಮಕ್ಕಳಿಗೆ ಬಸ್ಸು ಬಿಟ್ಟಿಯಾದ ಮೇಲಂತೂ ಕೇಳಬೇಡಿ. ಟಿಕೆಟ್ಟೂ ಬಿಟ್ಟಿ, ಒಡಪೂ ಬಿಟ್ಟಿ. ಮಂಜುನಾಥ, ವೀರೇಶ, ನಾಗರಾಜ, ಖಾಜಾ ಹುಸೇನ, ಯಾರ ಹೆಸರು ತಂದರೂ ಕಟ್ಟಿಕೊಡುತ್ತಿದ್ದೆ. ಎಲ್ಲರಿಗೂ ಅದೇ ಪ್ರಶ್ನೆ: ಅವ ಏನು ಮಾಡ್ತಾನ, ಯಾಕ ಚಂದ ಅನಿಸ್ತಾನ. ಒಬ್ಬಳು "ಉಣ್ಣುವಾಗ ಮಾತಾಡಂಗಿಲ್ರಿ, ಅದಾ ನನಗ ಸೇರ್ತೈತಿ" ಅಂದಳು. ಇನ್ನೊಬ್ಬಳು "ಅವ್ರವ್ವಗ ಹೆದ್ರತಾರ, ಪಾಪ ಅನಿಸ್ತೈತಿ" ಅಂದಳು. ಪ್ರೀತಿ ಅಂದರೆ ಚಂದ್ರ ದೋಣಿ ಅಂದುಕೊಂಡಿದ್ದ ನನಗೆ ಈ ಹುಡುಗಿಯರೇ ಪಾಠ ಹೇಳಿದರು.

ಒಂದೇ ಒಂದು ಹೆಸರಿಗೆ ಮಾತ್ರ ಕಟ್ಟುತ್ತಿರಲಿಲ್ಲ. ಕೊಟ್ಟೂರು ಸೀಮೆಯಲ್ಲಿ ಒಡಪು ಕಟ್ಟುವವಳು ಕೊಟ್ರೇಶನ ಹೆಸರು ಮುಟ್ಟುವುದಿಲ್ಲ ಅಂದರೆ, ಮಿರ್ಚಿ ಅಂಗಡಿಯವನು ಮೆಣಸಿನಕಾಯಿ ಮುಟ್ಟುವುದಿಲ್ಲ ಅಂದ ಹಾಗೆ. ಕೇಳಿದವರಿಗೆ ಏನಾದರೂ ನೆವ ಹೇಳಬೇಕಲ್ಲ? "ಸ್ವಾಮಿ ಹೆಸರವಾ ಅದು. ನಕ್ಕೋತ ಕೆಲ್ಕೋತ ಹೇಳಾ ಒಡಪಿಗೆ ಹಾಕಬಾರ್ದು" ಅಂದೆ. ಜನ ನಂಬಿಯೇಬಿಟ್ಟರು. ಹುಲಿಗೆಮ್ಮನ ಭಕ್ತಿ ನೋಡ್ರಿ ಅಂತ ಹೆಸರಾಯಿತು. ಒಬ್ಬ ಅಜ್ಜಿ ಪ್ರತಿ ಸೋಮವಾರ ಗುಡಿಯ ಪ್ರಸಾದ ತಂದು ನನ್ನ ಕೈಗಿಟ್ಟು ಕಣ್ಣಿಗೊತ್ತಿಕೊಳ್ಳುತ್ತಿದ್ದಳು. ನಾನೂ ತಲೆ ಬಗ್ಗಿಸಿ ತೆಗೆದುಕೊಳ್ಳುತ್ತಿದ್ದೆ, ಮತ್ತೇನು ಮಾಡಲಿ.

ಹೋದ ಬೇಸಿಗೆಯ ಒಂದು ಮಧ್ಯಾಹ್ನ. ಹಗರಿಬೊಮ್ಮನಹಳ್ಳಿಯಲ್ಲಿ ಒಬ್ಬ ಹೆಂಗಸು ಹತ್ತಿ, ಜಾಗ ಬೇಕಾದಷ್ಟಿದ್ದರೂ ನನ್ನ ಸೀಟಿನ ಹಿಂದೆಯೇ ಬಂದು ಕೂತಳು. ದುಂಡು ಮುಖ, ಮಡಿಲಲ್ಲಿ ಹೊಸ ಸ್ಟೀಲ್ ಕೊಡ.

"ಒಡಪು ಕಟ್ಟಾ ಕಂಡಕ್ಟರ್ ಅಕ್ಕಾರು ನೀವೇನ್ರಿ? ನಾ ಶಶಿಕಲಾ ಅಂತ. ಶುಕ್ರವಾರ ನಮ್ಮದು ಹೊಸಾ ಮನಿ ಗೃಹಪ್ರವೇಶ ಐತಿ. ನಂಗೊಂದು ಕಟ್ಟಿಕೊಡ್ರಿ."

"ಯಜಮಾನ್ರ ಹೆಸರು?"

ಅವಳು ನಾಚಿಕೊಂಡು ಕೊಟ್ಟೂರು ಸ್ವಾಮಿ ಗುಡಿಯ ದಿಕ್ಕಿಗೆ ಕೈ ಮುಗಿದು ತೋರಿಸಿದಳು. ಅಷ್ಟು ಸಾಕಿತ್ತು. ನಾನು ಮಾಮೂಲಿ ನೆವ ತೆಗೆದೆ. "ಗೊತ್ತೈತ್ರಿ, ಎಲ್ಲಾರೂ ಹೇಳ್ಯಾರ" ಅಂದಳು. "ಆದ್ರೂ ಕೇಳಾಕ ಬಂದೀನಿ. ಮದುವ್ಯಾಗ ನಂಗೊಂದೂ ಒಡಪು ಬರಲಿಲ್ರಿ. ಹೆದರಿ ಬರೇ ಹೆಸರು ಹೇಳಿ ಒಳಗ ಓಡಿದೆ. ನಮ್ಮ ನಾದಿನಿ ಇವತ್ತಿಗೂ ಬಿಟ್ಟಿಲ್ಲ. 'ನಮ್ಮತ್ತಿಗಿ ಆಧಾರ್ ಕಾರ್ಡ್ ಓದಿದಂಗ ಹೆಸರು ಹೇಳಿದ್ಲು' ಅಂತ ಕಂಡೋರ ಮುಂದೆಲ್ಲ ನಗ್ತಾಳ. ಈಗ ಮಗಳು ತಿಳಿಯೋವಷ್ಟು ದೊಡ್ಡಾಕಿ ಆಗ್ಯಾಳ. ಆಕಿ ಮುಂದ ಮತ್ತ ಅದಾ ಮಾತು ಕೇಳಾಕ ನನ್ನಿಂದ ಆಗಂಗಿಲ್ರಿ ಅಕ್ಕಾ."

ಅವಳ ಕಣ್ಣಲ್ಲಿ ನೀರು ಬಂದೇಬಿಟ್ಟಿತು. ಏನಾದರೂ ಮಾತಾಡಬೇಕಲ್ಲ ಅಂತ, ಬಾಯಿಗೆ ರೂಢಿಯಾದ ಪ್ರಶ್ನೆ ಕೇಳಿದೆ. "ಏನು ಮಾಡ್ತಾರ ಅವ್ರು?"

"ಮೋಟರ್ ಕಟ್ಟಾ ಅಂಗಡಿ ಐತ್ರಿ, ಕೊಟ್ಟೂರು ಸ್ಟ್ಯಾಂಡಿನ ಹಿಂದ. ಮೊದಲು ಬ್ಯಾರೇರ ಹತ್ರ ಇದ್ರು. ನಂದು ತೌರು ಹಂಪಸಾಗರ. ಸೋದರತ್ತಿ ಮಗನಿಗೇ ಕೊಟ್ಟಾರ."

ಯಾರು ಅಂತ ಮತ್ತೆ ಕೇಳುವ ಅಗತ್ಯವಿರಲಿಲ್ಲ. ಬಸ್ಸು ಯಾವುದೋ ಸ್ಟಾಪಿನಲ್ಲಿ ನಿಂತಿತ್ತು. ಡ್ರೈವರಣ್ಣ ಕನ್ನಡಿಯಲ್ಲಿ ನೋಡಿ, "ಏನವಾ ಹುಲಿಗೆಮ್ಮ, ಸೀಟಿ ನುಂಗಿದೇನು?" ಅಂದ. ಸೀಟಿ ಊದಿದೆ. ಹಿಂದೆ ಟಿಕೆಟ್ ಕೊಡಬೇಕು ಅಂತ ಹೇಳಿ ಎದ್ದು ಹೋದೆ. ಹಿಂದೆ ಕೂತಿದ್ದವರಿಗೆಲ್ಲ ಆಗಲೇ ಟಿಕೆಟ್ ಆಗಿತ್ತು.

ಹೊಟ್ಟೆ ಉರಿಯಿತು, ಇಲ್ಲ ಅನ್ನುವುದಿಲ್ಲ. ಹೊಸ ಮನೆ, ಮಗಳು, ಸ್ಟೀಲ್ ಕೊಡ. ಇದೆಲ್ಲ ನನ್ನದಾಗಬೇಕಿತ್ತು ಅಂತ ಅನಿಸಿತು. ಕಟ್ಟುವುದಿಲ್ಲ ಹೋಗು ಅನ್ನಲೇ? ಅಥವಾ ಆ ಎಮ್ಮೆ ಒಡಪಿನಂಥದ್ದೇ ಒಂದು ಕಟ್ಟಿಕೊಟ್ಟು, ಊರ ಮುಂದೆ ಗಂಡ ಹೆಂಡತಿ ಇಬ್ಬರನ್ನೂ ನಗೆಪಾಟಲು ಮಾಡಲೇ? ಅದೂ ನನಗೆ ಕಷ್ಟವೇನಲ್ಲ. ಇಲ್ಲವೇ ನಾನು ಇಷ್ಟು ವರ್ಷ ಯಾರಿಗೂ ಹೇಳದೆ ಇಟ್ಟುಕೊಂಡ ಒಡಪನ್ನೇ ಕೊಟ್ಟುಬಿಡಲೇ? ಹೆಸರು ಹೊಂದುತ್ತದೆ, ಊರು ಹೊಂದುತ್ತದೆ. ಕಂಬ ಹಿಡಿದು ನಿಂತು ಅದನ್ನು ಮನಸ್ಸಿನಲ್ಲೇ ಹೇಳಿಕೊಂಡೆ.

ಆಗ ನೋಡ್ರಿ, ಒಂದು ವಿಚಿತ್ರ ಆಯಿತು. ಪದ್ಯ ಟೊಳ್ಳು ಅನಿಸಿತು. ಬೇರೆ ಹುಡುಗಿಯರನ್ನು ಅಷ್ಟು ಕೆದಕಿ ಕೇಳುತ್ತಿದ್ದ ನಾನು, ನನ್ನ ಒಡಪಿನಲ್ಲಿ ಅವನ ಬಗ್ಗೆ ಒಂದು ಮಾತೂ ಹೇಳಿರಲಿಲ್ಲ. ಸಂತೆಯಿದೆ, ನೂರು ಜನ ಇದ್ದಾರೆ, ನನ್ನ ಜಾಣತನ ಇದೆ. ಅವನು ಒಂದು ಕಡೆ ಸುಮ್ಮನೆ ನಿಂತಿದ್ದಾನೆ, ಅಷ್ಟೇ. ಆ ಪದ್ಯ ಸ್ಟ್ಯಾಂಡಿನಲ್ಲಿರುವ ಯಾವ ಕೊಟ್ರೇಶನಿಗಾದರೂ ನಡೆಯುತ್ತಿತ್ತು. ಇಷ್ಟಕ್ಕೆ ನಾನು ಇಷ್ಟು ವರ್ಷ ಅತ್ತಿದ್ದೇನೆಯೇ ಅಂತ ನನ್ನ ಮೇಲೇ ಬೇಜಾರಾಯಿತು.

ಮುಂದೆ ಬಂದು ಕೂತೆ. "ಎಂಥವ್ರು ನಿಮ್ಮ ಯಜಮಾನ್ರು? ಖರೇ ಹೇಳ್ಬೇಕು ಮತ್ತ."

"ಏನ್ ಹೇಳ್ಲಿ ಯಕ್ಕಾ. ಕೈ ಮೂಸಿದ್ರ ಯಾವಾಗ್ಲೂ ವಾರ್ನಿಶ್ ವಾಸನಿ. ರೈತ್ರು ಮೋಟರ್ ಸುಟ್ಕೊಂಡು ಅಳ್ಕೋತ ಬರ್ತಾರ, ಇವ್ರು ಎಲ್ಲಾ ಬಿಟ್ಟು ಅದ್ನಾ ಹಿಡ್ಕೊಂಡು ಕುಂದ್ರುತಾರ. ಉಣ್ಣಾಕ ಬರ್ರಿ ಅಂತ ಮಗಳ ಕೈಲಿ ಫೋನ್ ಮಾಡ್ಸಿದ್ರ 'ಬಂದೆ' ಅಂತಾರ, ಬರಂಗಿಲ್ಲ. ರೊಟ್ಟಿ ಆರಿ ಕಟಕ್ ಆಗ್ತಾವ. ನಾ ಒಬ್ಬಾಕಿನ ಉಂಡಿಲ್ರಿ ಇಲ್ಲೀತನಕ."

"ಸಿಟ್ಟು ಬರಂಗಿಲ್ಲೇನು?"

"ಬರ್ತೈತಿ. ಹೊರಗ ನಿಂತು ಹೆಸರು ಹಿಡದು ಒದರಿಬಿಡ್ಬೇಕು ಅನಿಸ್ತೈತಿ. ಒದರಾಕ ಬರತೈತೇನು ನಮಗ?" ಅಂತ ನಕ್ಕಳು.

ಕೊಟ್ಟೂರು ಇನ್ನೂ ದೂರವಿತ್ತು. ಆ ನಗುವಿನಲ್ಲೇ ಒಡಪು ಸಿಕ್ಕಿತು. ಕಟ್ಟುತ್ತಾ ಕಟ್ಟುತ್ತಾ ಆ ಹೆಸರಿನ ಜಾಗ ಬಂದಾಗ ನಾಲಿಗೆ ತಡೆಯಿತು. ಆದರೂ ಹೇಳಿಯೇಬಿಟ್ಟೆ:

"ಸುಟ್ಟ ಮೋಟರ್ ಕಟ್ಟಿ ಕಟ್ಟಿ ಊರ ಹೊಲಕ್ಕೆಲ್ಲ ನೀರು ಕೊಟ್ಟಾರ,
ಬಂದೆ ಬಂದೆ ಅಂತ ಹೇಳಿ ಮನ್ಯಾಗ ರೊಟ್ಟಿ ಆರಾಕ ಬಿಟ್ಟಾರ,
ಹಸದ್ರೂ ಹೆಸರು ಹಿಡದು ಕರಿಯಾಂಗಿಲ್ಲಂತ ಅಂಗಳದಾಗ ನಿಂತೀನಿ,
ಇವತ್ತೊಂದಿನ ಕರಿತೀನಿ: ಕೊಟ್ರೇಶಪ್ಪನವ್ರ, ಬರ್ರಿ ಮನಿಗೆ, ಊಟಕ್ಕಿಟ್ಟೀನಿ."

ಶಶಿಕಲಾ ಬಾಯಿಗೆ ಸೆರಗು ಅಡ್ಡ ಹಿಡಿದಳು. ನಗುತ್ತಿದ್ದಾಳೋ ಅಳುತ್ತಿದ್ದಾಳೋ ತಿಳಿಯಲಿಲ್ಲ, ಎರಡೂ ಇದ್ದಿರಬೇಕು. "ಅಕ್ಕಾ, ನಮ್ಮನಿಗೆ ಬಂದು ನೋಡಿದಂಗ ಹೇಳಿದ್ರಲ್ಲ!" ಅಂದಳು. ಪಕ್ಕದ ಸೀಟಿನ ಹೆಂಗಸರೂ ಸೇರಿಕೊಂಡು ಅವಳಿಗೆ ಬಾಯಿಪಾಠ ಮಾಡಿಸಿದರು. ನನ್ನ ನಂಬರ್ ತೆಗೆದುಕೊಂಡು, ಶುಕ್ರವಾರ ಬರಲೇಬೇಕು ಅಂತ ಕೈ ಹಿಡಿದು ಹೇಳಿ ಇಳಿದಳು. "ಡ್ಯೂಟಿ ಐತವಾ" ಅಂದೆ. ಡ್ಯೂಟಿ ಇತ್ತು, ಸುಳ್ಳಲ್ಲ.

"ಸ್ವಾಮಿ ಹೆಸರಿಗೆ ಕಟ್ಟಂಗಿಲ್ಲ ಅಂತಿದ್ಯಲ್ಲವಾ, ಇದೇನು ಇವತ್ತು?" ಅಂತ ಡ್ರೈವರಣ್ಣ ಕೇಳಿದ.

"ಸ್ವಾಮಿ ಅಪ್ಪಣಿ ಕೊಟ್ಟಾನಣ್ಣಾ, ನೀ ಮುಂದ ನೋಡಿ ಹೊಡಿ" ಅಂದೆ.

ಹೊಸ ಒಡಪು ಹಳೆಯದಕ್ಕಿಂತ ಚಲೋ ಇತ್ತು, ಅನುಮಾನವೇ ಇಲ್ಲ. ಅದು ಸಂತೋಷದ ಸಂಗತಿಯಾಗಬೇಕು, ನನಗೆ ಮಾತ್ರ ಅವತ್ತು ಸಂಜೆಯವರೆಗೂ ಸಂಕಟ. ನನ್ನ ಅತಿ ದೊಡ್ಡ ದುಃಖದಿಂದ ಹುಟ್ಟಿದ್ದೇ ನನ್ನ ಅತಿ ಒಳ್ಳೆಯ ಪದ್ಯ ಅಂತ ನಂಬಿಕೊಂಡು ಬದುಕಿದ್ದವಳು ನಾನು. ಈಗ ಆ ದುಃಖವನ್ನು ಯಾವ ಕಪಾಟಿನಲ್ಲಿ ಇಡಬೇಕೋ ತಿಳಿಯಲಿಲ್ಲ.

ಶುಕ್ರವಾರ ಹಡಗಲಿ ಸ್ಟ್ಯಾಂಡಿನಲ್ಲಿ ಬುತ್ತಿ ಬಿಚ್ಚುವ ಹೊತ್ತಿಗೆ ಫೋನಿಗೆ ಶಶಿಕಲಾ ಕಳಿಸಿದ ಆಡಿಯೋ ಬಂತು. ಅವಳು ಒಡಪು ಹೇಳುವಾಗ ಯಾರೋ ಫೋನಿನಲ್ಲಿ ಹಿಡಿದಿದ್ದರು. "ಹೇಳು, ಹೇಳು" ಅಂತ ನಾದಿನಿಯ ದನಿ, ಬಳೆಗಳ ಸದ್ದು, ಆಮೇಲೆ ಅವಳು. ಎಷ್ಟು ಗಟ್ಟಿಯಾಗಿ ಹೇಳಿದ್ದಳು ಅಂತೀರಿ! ಆದರೆ ಮೂರನೇ ಸಾಲಿನಲ್ಲಿ 'ಹಸದ್ರೂ' ಅನ್ನುವುದನ್ನು ನುಂಗಿಬಿಟ್ಟಿದ್ದಳು. ನನಗೆ ಸಿಟ್ಟು ಬಂತು. ಆ ಮಾತಿಲ್ಲದಿದ್ದರೆ ಸಾಲು ಕುಂಟುವುದಿಲ್ಲವೇ? ಅಷ್ಟು ಸಲ ಹೇಳಿಕೊಟ್ಟಿದ್ದೆನಲ್ಲ! ನಿಜಕ್ಕೂ ನುಂಗಿದ್ದಾಳೋ, ಬಳೆ ಸದ್ದಿನಲ್ಲಿ ಕೇಳಿಸಲಿಲ್ಲವೋ ಅಂತ ಕಿವಿಗೆ ಒತ್ತಿ ಹಿಡಿದು ಮತ್ತೊಮ್ಮೆ ಹಚ್ಚಿದೆ. ನುಂಗಿದ್ದಳು. ಕೊನೆಯ ಸಾಲು ಮುಗಿದಾಗ ಹೆಂಗಸರು ಹೋ ಅಂತ ಗದ್ದಲ ಮಾಡಿದರು. ಅದಕ್ಕಿಂತ ಮುಂಚೆಯೇ, 'ರೊಟ್ಟಿ ಆರಾಕ ಬಿಟ್ಟಾರ' ಅನ್ನುವಲ್ಲೇ, ಒಬ್ಬ ಗಂಡಸು ಜೋರಾಗಿ ನಕ್ಕಿದ್ದ. ನಾನು ನಗು ಬರಲಿ ಅಂತ ಕಟ್ಟಿದ್ದ ಜಾಗವೇ ಅದು. ಅಷ್ಟು ಜನರಲ್ಲಿ ಸರಿಯಾದ ಜಾಗಕ್ಕೆ ನಕ್ಕವನು ಇವನೊಬ್ಬನೇ, ಯಾರಪ್ಪಾ ಈ ರಸಿಕ ಅಂದುಕೊಂಡು ರೊಟ್ಟಿ ಮುರಿದೆ. ತುತ್ತು ಬಾಯಿಗಿಟ್ಟುಕೊಂಡ ಮೇಲೆ ನೆನಪಾಯಿತು, ಯಾರು ಅಂತ.